ಮೆಡಿಕಲ್ ಓದಿಗೆ ಲ್ಯಾಪ್‌ಟಾಪಾ, ಟ್ಯಾಬ್ಲೆಟ್ಟಾ? ಐದು ಬಗೆ ಬಳಸಿ ನೋಡಿದ ಮೇಲೆ

ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲದ ಚಿತ್ರವನ್ನು ಮೌಸ್ ಹಿಡಿದು ಬಿಡಿಸಲು ನೋಡಿದ್ದೀರಾ? ಮೊದಲ ವರ್ಷ ನಾನು ಅದನ್ನೇ ಮಾಡಿದೆ. ಬೆನ್ನುಹುರಿಯ ಸಿ5ರಿಂದ ಟಿ1ರವರೆಗಿನ ನರಗಳ ಐದು ಬೇರು, ಅವು ಕೂಡಿ ಮೂರು ಟ್ರಂಕ್, ಒಂದೊಂದು ಟ್ರಂಕೂ ಎರಡಾಗಿ ಒಡೆದು ಆರು ಡಿವಿಜನ್, ಅವು ಮತ್ತೆ ಕೂಡಿ ಮೂರು ಕಾರ್ಡ್. ಕಾಗದದ ಮೇಲಾದರೆ ಎರಡು ನಿಮಿಷದ ಕೆಲಸ. ಮೌಸಿನಲ್ಲಿ ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೆ ಯಾವ ನರ ಎಲ್ಲಿಂದ ಬಂತು ಅನ್ನುವುದೇ ತಲೆಯಲ್ಲಿ ಉಳಿದಿರಲಿಲ್ಲ, ಯಾಕೆಂದರೆ ಗಮನವೆಲ್ಲ ಗೆರೆ ಸರಿಯಾಗಿ ಬರುತ್ತಿದೆಯಾ ಅನ್ನುವುದರ ಮೇಲೇ ಇತ್ತು.

ಆಗಿನಿಂದ ಈಗಿನವರೆಗೆ ನನ್ನ ಕೈಯಲ್ಲಿ ಐದು ಡಿವೈಸ್ ಓಡಾಡಿವೆ. ಮೊದಲನೆಯದು 15.6 ಇಂಚಿನ ವಿಂಡೋಸ್ ಲ್ಯಾಪ್‌ಟಾಪ್, ಚಾರ್ಜರ್ ಸೇರಿದರೆ ಎರಡೂವರೆ ಕೆಜಿ ಹತ್ತಿರ. ಆಮೇಲೆ ರೂಮ್‌ಮೇಟ್ ಎರಡು ತಿಂಗಳು ಬಳಸಲು ಕೊಟ್ಟ ಐಪ್ಯಾಡ್ ಏರ್. ಅದನ್ನು ವಾಪಸ್ ಕೊಟ್ಟ ಮೇಲೆ ನಾನೇ ಕೊಂಡ ಗ್ಯಾಲಕ್ಸಿ ಟ್ಯಾಬ್ ಎಸ್9. ನಡುವೆ ಮೂರು ವಾರ ಸೀನಿಯರ್ ಒಬ್ಬರ ಟು-ಇನ್-ಒನ್, ಅಂದರೆ ಕೀಬೋರ್ಡ್ ಕಳಚಿದರೆ ಟ್ಯಾಬ್ಲೆಟ್ ಆಗುವ ವಿಂಡೋಸ್ ಯಂತ್ರ. ಈಗ ಥೀಸಿಸ್ ಬರೆಯುತ್ತಿರುವುದು ಸೆಕೆಂಡ್ ಹ್ಯಾಂಡ್ ತಗೊಂಡ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ. ಐದರಲ್ಲೂ ಕ್ಲಾಸ್ ನೋಟ್ಸ್ ಬರೆದಿದ್ದೇನೆ, ಆಂಕಿ ಎಂಬ ಸಾಫ್ಟ್‌ವೇರ್‌ನಲ್ಲಿ ಪ್ರಶ್ನೋತ್ತರದ ಕಾರ್ಡ್ ಮಾಡಿದ್ದೇನೆ, ಹಿಸ್ಟಾಲಜಿ ಸ್ಲೈಡ್, ಅಂದರೆ ಬಣ್ಣ ಹಾಕಿದ ಅಂಗಾಂಶದ ಸೂಕ್ಷ್ಮದರ್ಶಕ ಚಿತ್ರ ನೋಡಿದ್ದೇನೆ. ಹಾಗಾಗಿ ಜಾಹೀರಾತಿನಲ್ಲಿ ಇರುವುದನ್ನು ಬಿಟ್ಟು ಕೈಗೆ ತಿಳಿದದ್ದನ್ನು ಬರೆಯುತ್ತೇನೆ.

ಬರೆಯುವುದು

ಇದನ್ನೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮೊದಲೆರಡು ವರ್ಷ ನೀವು ಮಾಡುವುದು ಹೆಚ್ಚಾಗಿ ಇದೇ. ಅನಾಟಮಿ, ಬಯೋಕೆಮಿಸ್ಟ್ರಿ ಎರಡೂ ಚಿತ್ರದ ವಿಷಯಗಳು. ಜೀವಕೋಶ ಶಕ್ತಿ ಪಡೆಯುವ ಕ್ರೆಬ್ಸ್ ಸೈಕಲ್ಲನ್ನು ಟೈಪ್ ಮಾಡಿ ಕಲಿತವರನ್ನು ನಾನು ನೋಡಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವಾಗ ನನ್ನ ಸಮಸ್ಯೆ ವೇಗ. ವೇಗ ಜಾಸ್ತಿಯಾಗಿ ಮೇಷ್ಟ್ರು ಹೇಳಿದ ಮಾತೆಲ್ಲ ಹಾಗೇ ಇಳಿಯುತ್ತಿತ್ತು, ತಲೆಗೆ ಹೋಗದೆ. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಹೇಳಿದ್ದರು: ಟೈಪ್ ಮಾಡುವವರು ಪದ ಪದವನ್ನೂ ಬರೆದುಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ವಿಷಯವನ್ನು ಚೆನ್ನಾಗಿ ಹಿಡಿಯುತ್ತಾರೆ ಅಂತ. 2019ರಲ್ಲಿ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಆದ್ದರಿಂದ ಅದನ್ನು ನಿಯಮ ಅಂತ ಹಿಡಿಯಬೇಡಿ. ನನ್ನ ಮಟ್ಟಿಗೆ ಮಾತ್ರ ಅದು ನಿಜವಾಗಿತ್ತು. ಟೈಪ್ ಮಾಡಿದ ನೋಟ್ಸನ್ನು ಪರೀಕ್ಷೆಗೆ ಮುಂಚೆ ತೆರೆದಾಗ ಬೇರೆ ಯಾರೋ ಬರೆದದ್ದನ್ನು ಓದಿದ ಹಾಗೆ ಅನ್ನಿಸುತ್ತಿತ್ತು.

ಐಪ್ಯಾಡ್ ಏರ್ ಮತ್ತು ಆಪಲ್ ಪೆನ್ಸಿಲ್ ಕೈಗೆ ಬಂದ ದಿನವೇ ಇದೆಲ್ಲ ಬದಲಾಯಿತು. ಲೆಕ್ಚರಿನ ಪಿಡಿಎಫ್ ತೆರೆದು ಸ್ಲೈಡ್ ಮೇಲೇ ಬರೆಯುವುದು, ಪಕ್ಕದ ಅರ್ಧ ಪರದೆಯಲ್ಲಿ ಟೆಕ್ಸ್ಟ್‌ಬುಕ್. ಅಂಗೈ ಊರಿದರೂ ಕಲೆ ಬೀಳಲ್ಲ. ಪೆನ್ಸಿಲ್ ಪಕ್ಕದಲ್ಲೇ ಆಯಸ್ಕಾಂತದಿಂದ ಅಂಟಿಕೊಂಡು ಚಾರ್ಜ್ ಆಗುತ್ತದೆ. ನೋಟ್ಸ್ ಆಪ್‌ಗಳ ವಿಷಯದಲ್ಲಿ ಐಪ್ಯಾಡ್ ಇನ್ನೂ ಮುಂದಿದೆ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಗಾಜಿನ ಮೇಲೆ ಗಟ್ಟಿ ತುದಿ ಜಾರುತ್ತದೆ. ಕಾಗದದ ಹಾಗಿರಲಿ ಅಂತ ಮ್ಯಾಟ್ ಫಿಲ್ಮ್ ಹಾಕಿಸಿದರೆ ಬರೆಯಲು ಹಿತ, ಆದರೆ ಚಿತ್ರ ಸ್ವಲ್ಪ ಮಸುಕಾಗುತ್ತದೆ, ಪೆನ್ಸಿಲ್ ತುದಿಯೂ ಬೇಗ ಸವೆಯುತ್ತದೆ. ಹಿಸ್ಟಾಲಜಿ ನೋಡುವವರಿಗೆ ಆ ಮಸುಕು ನಿಜವಾಗಿಯೂ ತೊಂದರೆ ಕೊಡುತ್ತದೆ. ಗುಲಾಬಿ ಮತ್ತು ನೇರಳೆ ನಡುವಿನ ಸಣ್ಣ ಅಂತರವೇ ಅಲ್ಲಿ ಮುಖ್ಯ ಅಲ್ವಾ?

ಟ್ಯಾಬ್ ಎಸ್9ರ ಎಸ್ ಪೆನ್ ತುದಿ ಮೆತ್ತಗಿದೆ, ಹಾಗಾಗಿ ಫಿಲ್ಮ್ ಇಲ್ಲದೆಯೂ ಸ್ವಲ್ಪ ಹಿಡಿತ ಸಿಗುತ್ತದೆ. ಬರೆಯಲು ಅದಕ್ಕೆ ಚಾರ್ಜೇ ಬೇಕಿಲ್ಲ. ಪೆನ್ ಬಾಕ್ಸ್‌ನಲ್ಲೇ ಬರುತ್ತದೆ, ಆಪಲ್ ಪೆನ್ಸಿಲ್ಲನ್ನು ಬೇರೆ ಕೊಳ್ಳಬೇಕು. ಬರೀ ಬರೆಯುವ ಸುಖಕ್ಕೆ ನಾನು ಎಸ್ ಪೆನ್ ಕಡೆಗೇ ವಾಲುತ್ತೇನೆ.

ಒಂದು ಎಚ್ಚರಿಕೆ. ಎಲ್ಲ ಐಪ್ಯಾಡೂ ಒಂದೇ ಅಲ್ಲ. ಕಡಿಮೆ ದರ್ಜೆಯ ಸಾದಾ ಐಪ್ಯಾಡ್‌ನಲ್ಲಿ ಗಾಜಿಗೂ ಪರದೆಗೂ ನಡುವೆ ಸಣ್ಣ ಸಂದು ಇರುತ್ತದೆ, ಅಕ್ಷರ ಪೆನ್ಸಿಲ್ ತುದಿಯಿಂದ ಚೂರು ಕೆಳಗೆ ಮೂಡಿದ ಹಾಗೆ ಕಾಣುತ್ತದೆ. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿ ಇಲ್ಲ. ಗೆರೆ ದಪ್ಪ ತೆಳು ಮಾಡಿ ಚಿತ್ರ ಬಿಡಿಸುವ ಅಭ್ಯಾಸ ಇದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ. ಯಾವ ಐಪ್ಯಾಡ್‌ಗೆ ಯಾವ ಪೆನ್ಸಿಲ್ ಹೊಂದುತ್ತದೆ ಅನ್ನುವುದನ್ನೂ ದುಡ್ಡು ಕೊಡುವ ಮುಂಚೆ ಪಕ್ಕಾ ಮಾಡಿಕೊಳ್ಳಬೇಕು.

ಟು-ಇನ್-ಒನ್ ಬಗ್ಗೆ ನನಗೆ ದೊಡ್ಡ ಆಸೆ ಇತ್ತು. ಒಂದೇ ಯಂತ್ರದಲ್ಲಿ ಎರಡೂ ಕೆಲಸ ಆಗುತ್ತದೆ ಅಂತ. ನಾನು ಬಳಸಿದ್ದು ಕೀಬೋರ್ಡ್ ಇಲ್ಲದೆಯೇ 800 ಗ್ರಾಂ ಮೇಲಿತ್ತು, ತೋಳಿನ ಮೇಲಿಟ್ಟು ನಿಂತು ಬರೆಯಲು ಆಗುತ್ತಿರಲಿಲ್ಲ. ದೊಡ್ಡ ಪಿಡಿಎಫ್ ತೆರೆದರೆ ಹಿಂಬದಿ ಬಿಸಿ. ಬೆಂಚ್ ಚಿಕ್ಕದಿದ್ದರೆ ಹಿಂದಿನ ಸ್ಟ್ಯಾಂಡ್ ಬಿಚ್ಚಲೂ ಜಾಗ ಇಲ್ಲ. ಬೇರೆಯವರ ಅನುಭವ ಬೇರೆ ಇರಬಹುದು, ಒನ್‌ನೋಟ್ ಎಂಬ ನೋಟ್ಸ್ ಆಪ್ ಮಾತ್ರ ಅದರಲ್ಲಿ ಚೆನ್ನಾಗಿ ನಡೆಯಿತು. ಮೂರನೇ ವಾರಕ್ಕೆ ನಾನು ಅದನ್ನು ಬರೀ ಲ್ಯಾಪ್‌ಟಾಪ್ ಹಾಗೆ ಬಳಸುತ್ತಿದ್ದೆ.

ಆಂಕಿ

ಆಂಕಿ ಇಲ್ಲದೆ ಔಷಧಿಗಳ ವಿಷಯವಾದ ಫಾರ್ಮಕಾಲಜಿ ದಾಟುವುದು ನನ್ನಿಂದಂತೂ ಆಗುತ್ತಿರಲಿಲ್ಲ. 2006ರಿಂದ ಇರುವ ಈ ಸಾಫ್ಟ್‌ವೇರ್ ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್ ಮೂರರಲ್ಲೂ ಉಚಿತ. ಐಪ್ಯಾಡ್ ಮತ್ತು ಐಫೋನ್ ಆಪ್‌ಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು.

ಕಾರ್ಡ್ ಮಾಡುವುದಕ್ಕೆ ಲ್ಯಾಪ್‌ಟಾಪ್, ಕಾರ್ಡ್ ಓದುವುದಕ್ಕೆ ಟ್ಯಾಬ್ಲೆಟ್ ಅಥವಾ ಫೋನ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕೀಬೋರ್ಡ್ ಶಾರ್ಟ್‌ಕಟ್ ಇದ್ದರೆ ಒಂದು ಗಂಟೆಯಲ್ಲಿ ಆಗುವ ಕೆಲಸ ಟ್ಯಾಬ್ಲೆಟ್‌ನಲ್ಲಿ ಎರಡು ಗಂಟೆ. ಹೆಚ್ಚುವರಿ ಸೌಲಭ್ಯ ಸೇರಿಸುವ ಆಡ್-ಆನ್‌ಗಳೂ ಕಂಪ್ಯೂಟರಿನಲ್ಲಿ ಮಾತ್ರ. ಚಿತ್ರದಲ್ಲಿ ಹೆಸರು ಮುಚ್ಚಿ ಕೇಳುವ ಇಮೇಜ್ ಆಕ್ಲೂಶನ್‌ಗೆ ಮೊದಲು ಆಡ್-ಆನ್ ಬೇಕಿತ್ತು, 2023ರ 23.10 ಆವೃತ್ತಿಯಿಂದ ಆಂಕಿಯೊಳಗೇ ಇದೆ. ಮಿದುಳಿನಿಂದ ಹೊರಡುವ ಕ್ರೇನಿಯಲ್ ನರ 12, ಅವು ತಲೆಬುರುಡೆಯಿಂದ ಹೊರಬರುವ ರಂಧ್ರಗಳು, ಮಣಿಕಟ್ಟಿನ ಎಂಟು ಮೂಳೆ, ಇಂಥವಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಎರಡು ಡಿವೈಸ್ ಇಟ್ಟುಕೊಂಡವರು ಸಿಂಕ್ ಮಾಡುವ, ಅಂದರೆ ಎರಡರಲ್ಲೂ ಕಾರ್ಡ್ ಒಂದೇ ಥರ ಇರುವಂತೆ ನೋಡಿಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಒಂದನ್ನು ಮುಚ್ಚುವಾಗ ಸಿಂಕ್, ಇನ್ನೊಂದನ್ನು ತೆರೆದಾಗ ಸಿಂಕ್. ಕೆಲವೊಮ್ಮೆ ಆಂಕಿ ಅಪ್‌ಲೋಡ್ ಮಾಡಲಾ ಡೌನ್‌ಲೋಡ್ ಮಾಡಲಾ ಅಂತ ಕೇಳುತ್ತದೆ, ಆಗ ಅವಸರ ಬೇಡ. ತಪ್ಪು ಒತ್ತಿದರೆ ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ.

ಪರೀಕ್ಷೆ

ಇದನ್ನು ಜನ ಕೊನೆಗೆ ಯೋಚಿಸುತ್ತಾರೆ. ಮೊದಲು ಯೋಚಿಸಬೇಕಾದ್ದು ಇದೇ. ನಿಮ್ಮ ಕೋರ್ಸ್‌ನ ಪರೀಕ್ಷೆ ಸ್ವಂತ ಡಿವೈಸ್‌ನಲ್ಲಿ ನಡೆಯುತ್ತದಾ? ನಡೆಯುವುದಾದರೆ ಯಾವ ಸಾಫ್ಟ್‌ವೇರ್? ಬೇರೆ ಯಾವ ಕಿಟಕಿಯೂ ತೆರೆಯದ ಹಾಗೆ ಬೀಗ ಹಾಕುವ ಸೇಫ್ ಎಕ್ಸಾಮ್ ಬ್ರೌಸರ್ ವಿಂಡೋಸ್, ಮ್ಯಾಕ್, ಐಪ್ಯಾಡ್‌ಗೆ ಇದೆ, ಆಂಡ್ರಾಯ್ಡ್‌ಗೆ ಇಲ್ಲ. ನಮ್ಮ ಒಂದು ಪರೀಕ್ಷೆ ಅದರಲ್ಲೇ ನಡೆಯಿತು, ಅಂದರೆ ನನ್ನ ಪ್ರೀತಿಯ ಆಂಡ್ರಾಯ್ಡ್ ಟ್ಯಾಬ್ ಎಸ್9 ಆ ಪರೀಕ್ಷೆಗೆ ಕೆಲಸಕ್ಕೇ ಬರಲಿಲ್ಲ. ಹಳೆಯ ಲ್ಯಾಪ್‌ಟಾಪನ್ನು ಧೂಳು ಒರೆಸಿ ಒಯ್ದೆ. ಅದರ ಬ್ಯಾಟರಿ ಆಗಲೇ ಒಂದು ಗಂಟೆಗೆ ಇಳಿದಿತ್ತು, ಪರೀಕ್ಷೆ ಮೂರು ಗಂಟೆ. ಪ್ಲಗ್ ಇದ್ದ ಜಾಗ ಸಿಗುವವರೆಗೆ ನನ್ನ ಕೈ ನಡುಗುತ್ತಿತ್ತು. ಇನ್ನೊಬ್ಬರಿಗೆ ಹೀಗಾಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮಾಮೂಲಿ ಇಂಟೆಲ್, ಎಎಂಡಿ ಬದಲು ಬೇರೆ ಬಗೆಯ ಸ್ನಾಪ್‌ಡ್ರಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಇನ್ನೂ ಹುಷಾರಾಗಿರಿ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಆದರೆ ಪರೀಕ್ಷೆಯ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ ಅಂತ ಕೋರ್ಸ್ ನಡೆಸುವವರನ್ನೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಬಾಯಿಮಾತು ಸಾಲದು.

ವಾರ್ಡ್

ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಶುರುವಾದ ಮೇಲೆ ಲ್ಯಾಪ್‌ಟಾಪ್ ವಾರ್ಡಿಗೆ ಬರುವುದೇ ಇಲ್ಲ. 11 ಇಂಚಿನ ಟ್ಯಾಬ್ಲೆಟ್ಟೂ ಏಪ್ರನ್ ಜೇಬಿಗೆ ಹಿಡಿಯಲ್ಲ. 8.3 ಇಂಚಿನ ಐಪ್ಯಾಡ್ ಮಿನಿ 300 ಗ್ರಾಂ ಒಳಗಿದೆ, ಅದನ್ನು ಜೇಬಿನಲ್ಲಿ ಇಟ್ಟುಕೊಂಡು ರೌಂಡ್ಸ್‌ಗೆ ಬರುವವರನ್ನು ನೋಡಿದ್ದೇನೆ. ಆದರೆ ಡೋಸ್ ನೋಡುವುದಕ್ಕೆ, ಸ್ಕೋರ್ ಲೆಕ್ಕ ಹಾಕುವುದಕ್ಕೆ ಫೋನ್ ಸಾಕು. ಕೇಸ್ ತಗೊಳ್ಳುವಾಗ ನಾನು ಈಗಲೂ ಸಣ್ಣ ಪುಸ್ತಕವನ್ನೇ ಬಳಸುತ್ತೇನೆ. ರೋಗಿಯ ಮುಂದೆ ಪರದೆ ಹಿಡಿದು ಕೂತರೆ ಅವರು ಮಾತು ಕಡಿಮೆ ಮಾಡುತ್ತಾರೆ.

ಸ್ವಚ್ಛತೆಯಲ್ಲಿ ಟ್ಯಾಬ್ಲೆಟ್ ಗೆಲ್ಲುತ್ತದೆ. ಒಂದು ಸಪಾಟು ಗಾಜು, 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ವೈಪ್‌ನಿಂದ ಒರೆಸಿದರೆ ಮುಗಿಯಿತು. ಕೀಬೋರ್ಡ್ ಸಂದುಗಳನ್ನು ಹಾಗೆ ಒರೆಸಲು ಆಗಲ್ಲ. ಬಟ್ಟೆ ಹೊದಿಕೆಯ ಕವರ್ ಮಾತ್ರ ವಾರ್ಡಿಗೆ ಬೇಡವೇ ಬೇಡ.

ಇನ್ನೊಂದು ಮಾತು. ಸ್ವಂತ ಡಿವೈಸ್‌ನಲ್ಲಿ ರೋಗಿಯ ಎಕ್ಸ್‌ರೇ, ಗಾಯದ ಫೋಟೊ, ಹೆಸರಿರುವ ಕೇಸ್ ಶೀಟ್ ಯಾವುದನ್ನೂ ಇಡಬೇಡಿ. ಗ್ಯಾಲರಿ ತಾನಾಗಿಯೇ ಕ್ಲೌಡ್‌ಗೆ ಹೋಗುತ್ತಿರುತ್ತದೆ, ಮನೆಯ ಬೇರೆ ಡಿವೈಸ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ಆ ಜನ ನಮ್ಮನ್ನು ನಂಬಿ ಮೈ ತೋರಿಸಿರುತ್ತಾರೆ.

ಥೀಸಿಸ್, ಸ್ಲೈಡ್, ಮಿಕ್ಕಿದ್ದು

ಇಲ್ಲಿ ಲ್ಯಾಪ್‌ಟಾಪ್‌ಗೆ ಎದುರಿಲ್ಲ. ಅಂಕಿಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ವಿಂಡೋಸ್ ಮತ್ತು ಮ್ಯಾಕ್‌ಗೆ ಇದೆ, ಟ್ಯಾಬ್ಲೆಟ್‌ಗೆ ಇಲ್ಲ. ನೂರು ಸಾಲು, ನಲವತ್ತು ಕಾಲಂ ಇರುವ ಮಾಸ್ಟರ್ ಚಾರ್ಟನ್ನು, ಅಂದರೆ ಎಲ್ಲ ರೋಗಿಗಳ ಮಾಹಿತಿಯ ಪಟ್ಟಿಯನ್ನು ಬೆರಳಿನಲ್ಲಿ ತುಂಬಿ ನೋಡಿ, ಹತ್ತನೇ ಸಾಲಿಗೆ ಸಾಕಾಗುತ್ತದೆ. ವರ್ಡ್‌ನಲ್ಲಿ ಗೈಡ್ ಹಾಕಿದ ತಿದ್ದುಪಡಿ, ಜೊಟೆರೊ ಎಂಬ ಸಾಫ್ಟ್‌ವೇರ್‌ನಿಂದ ರೆಫರೆನ್ಸ್ ಸೇರಿಸುವುದು, ಇದೆಲ್ಲ ಲ್ಯಾಪ್‌ಟಾಪ್‌ನಲ್ಲೇ ಸಲೀಸು. ಎಂ1 ಮ್ಯಾಕ್‌ಬುಕ್ ಏರ್ 2020ರದ್ದು, ಫ್ಯಾನ್ ಇಲ್ಲ, ಲೈಬ್ರರಿಯಲ್ಲಿ ಸದ್ದೇ ಮಾಡಲ್ಲ, 1.29 ಕೆಜಿ. ನನ್ನದು 8 ಜಿಬಿ ರ‍್ಯಾಮ್. ಮೂವತ್ತು ಟ್ಯಾಬ್, ವರ್ಡ್, ಜೊಟೆರೊ ಒಟ್ಟಿಗೆ ತೆರೆದರೆ ತಡವರಿಸುತ್ತದೆ. ಹೊಸದು ಕೊಳ್ಳುವವರು 16 ಜಿಬಿ ತಗೊಳ್ಳಿ.

ಐಪ್ಯಾಡ್‌ಗೇ ಕೀಬೋರ್ಡ್ ಹಾಕಿಕೊಳ್ಳುತ್ತೇನೆ ಅನ್ನುವವರು ತೂಕದ ಲೆಕ್ಕ ಹಾಕಿ. ಐಪ್ಯಾಡ್ ಏರ್ ಸುಮಾರು 460 ಗ್ರಾಂ, ಅದರ ಮ್ಯಾಜಿಕ್ ಕೀಬೋರ್ಡ್ ಸುಮಾರು 600. ಎರಡೂ ಸೇರಿ ಒಂದು ಕೆಜಿ ದಾಟಿತು, ಇನ್ನೇನು ಮ್ಯಾಕ್‌ಬುಕ್ ಏರ್ ಹತ್ತಿರಕ್ಕೇ ಬಂತು.

ಹಿಸ್ಟಾಲಜಿ ಸ್ಲೈಡ್‌ಗಳನ್ನು ಬ್ರೌಸರಿನಲ್ಲಿ ನೋಡಲು ಟ್ಯಾಬ್ಲೆಟ್ ಚಂದ, ಬೆರಳಿನಲ್ಲಿ ಹಿಗ್ಗಿಸಿ ಕುಗ್ಗಿಸಬಹುದು. 3ಡಿ ಅನಾಟಮಿ ಆಪ್‌ಗಳೂ ಹಾಗೇ. ವಿಡಿಯೊ ಎಲ್ಲದರಲ್ಲೂ ಒಂದೇ.

ನೋಟ್ಸ್ ಕಳೆದುಕೊಂಡದ್ದನ್ನೂ ಹೇಳಬೇಕು. ಒಂದು ನೋಟ್ಸ್ ಆಪ್‌ನ ಸಿಂಕ್ ಕೈಕೊಟ್ಟು ನ್ಯೂರೋ ಅನಾಟಮಿಯ ಪೂರ್ತಿ ಪುಸ್ತಕ ಹೋಯಿತು. ಆರು ವಾರದ ಬರಹ. ಅವತ್ತು ಅತ್ತುಬಿಟ್ಟೆ. ಈಗ ಪ್ರತಿ ಭಾನುವಾರ ಎಲ್ಲವನ್ನೂ ಪಿಡಿಎಫ್ ಮಾಡಿ ಬೇರೆ ಡ್ರೈವ್‌ಗೆ ಹಾಕುತ್ತೇನೆ, ಹತ್ತು ನಿಮಿಷ ಹಿಡಿಯುತ್ತದೆ.

ಹಾಗಾದರೆ ಯಾವುದು?

ಒಂದೇ ಕೊಳ್ಳಲು ಆಗುವುದಾದರೆ ಲ್ಯಾಪ್‌ಟಾಪ್, ಅದರ ಜೊತೆ ಕಾಗದ ಮತ್ತು ಪೆನ್. ಟ್ಯಾಬ್ಲೆಟ್ ಇಲ್ಲದೆ ಓದು ನಡೆಯುತ್ತದೆ, ಕಾಗದ ಅದರ ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್ ಇಲ್ಲದೆ ಥೀಸಿಸ್ ನಡೆಯಲ್ಲ. ಕೆಲವು ಕಡೆ ಪರೀಕ್ಷೆಯೂ ನಡೆಯಲ್ಲ. ಪರೀಕ್ಷೆ ಐಪ್ಯಾಡ್‌ನಲ್ಲಿ ಬರೆಯಬಹುದು, ಥೀಸಿಸ್ ದೂರ ಇದೆ ಅನ್ನುವವರು ಮಾತ್ರ ಮೊದಲೆರಡು ವರ್ಷ ಬರೀ ಐಪ್ಯಾಡ್‌ನಲ್ಲಿ ಕಳೆಯಬಹುದು. ದುಬಾರಿ ಟು-ಇನ್-ಒನ್‌ಗೆ ಹೋಗುವ ದುಡ್ಡಿದ್ದರೆ ನಾನು ಅದನ್ನು ಎರಡಾಗಿ ಒಡೆದು ಸಾಧಾರಣ ಲ್ಯಾಪ್‌ಟಾಪ್ ಒಂದು, ಪೆನ್ ಇರುವ ಟ್ಯಾಬ್ಲೆಟ್ ಒಂದು ತಗೊಳ್ಳುತ್ತೇನೆ.

ನನ್ನ ತಂಗಿ ಮುಂದಿನ ವರ್ಷ ಇದೇ ಓದಿಗೆ ಸೇರುತ್ತಾಳೆ. ಅವಳಿಗೆ ನನ್ನ ಆ ಹಳೆಯ 15.6 ಇಂಚಿನ ಲ್ಯಾಪ್‌ಟಾಪನ್ನೇ ಹೊಸ ಬ್ಯಾಟರಿ, ಎಸ್‌ಎಸ್‌ಡಿ ಹಾಕಿಸಿ ಕೊಡುತ್ತಿದ್ದೇನೆ. ಟೇಬಲ್ ಬಿಟ್ಟು ಅದು ಕದಲಬೇಕಿಲ್ಲ, ಪರೀಕ್ಷೆಯ ದಿನ ಮಾತ್ರ ಒಯ್ದರಾಯಿತು. ಕೂಡಿಟ್ಟ ದುಡ್ಡೆಲ್ಲ ಟ್ಯಾಬ್ಲೆಟ್‌ಗೆ. ಯಾವುದು ಅಂತ ಅವಳೇ ಆರಿಸಲಿ ಅಂತ ಹೇಳಿದ್ದೇನೆ, ಡೆಮೊ ಪೀಸ್ ಮೇಲೆ ಅಂಗೈ ಪೂರ್ತಿ ಊರಿ ಹತ್ತು ನಿಮಿಷ ಬರೆದು ನೋಡಿದ ಮೇಲೆ.