ಇರಿಡಿಯಂ ಚೊಂಬು ಅಂತ ಯಾರಾದ್ರೂ ಬಂದ್ರೆ ಹುಷಾರು

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಮನೆಯವಳಿಗೂ ಇನ್ನೂ ಪೂರ್ತಿ ಹೇಳಿಲ್ಲ. ಕೊಬ್ಬರಿ ಮಾರಿದ ದುಡ್ಡು, 1 ಲಕ್ಷ 80 ಸಾವಿರ, 'ಟೆಸ್ಟಿಂಗ್ ಫೀಸು' ಅಂತ ಕೈಯಾರೆ ಎಣಿಸಿ ಕೊಟ್ಟು ಬಂದೆ. ಅಕ್ಕಿ ಎಳೆಯುವ ಚೊಂಬು, ಇರಿಡಿಯಂ ಅನ್ನೋ ಅಪರೂಪದ ಲೋಹದ್ದು, ಕೋಟಿಗೆ ಹೋಗುತ್ತೆ ಅಂತ ನಂಬಿಸಿ ದುಡ್ಡು ಕೀಳುವ 'ರೈಸ್ ಪುಲ್ಲಿಂಗ್' ಕಥೆ ನಿಮಗೆಲ್ಲ ಗೊತ್ತೇ ಇದೆ. ನನಗೂ ಗೊತ್ತಿತ್ತು! ಪೇಪರ್‌ನಲ್ಲಿ ಓದಿ ನಕ್ಕಿದ್ದೆ ಕೂಡ. ಆದರೂ ಹೋದೆ, ಯಾಕಂದ್ರೆ ಕರೆದುಕೊಂಡು ಹೋದವನು ನಮ್ಮ ಭಾವಮೈದನ ಗೆಳೆಯ.

ತುಮಕೂರಿನ ಒಂದು ಲಾಡ್ಜ್ ರೂಮು. ಕಿಟಕಿಗೆ ಬೆಡ್‌ಶೀಟು ಕಟ್ಟಿದ್ದರು, ರೇಡಿಯೇಷನ್ ಅಂತೆ. ಮಂಚದ ಮೇಲೆ ಹಸಿರು ಕಿಲುಬು ಹಿಡಿದ ತಾಮ್ರದ ಚೊಂಬು. 'ಸಿಡಿಲು ಬಡಿದು ತಾಮ್ರ ಇರಿಡಿಯಂ ಆಗಿದೆ ಅಣ್ಣ, ಫಾರಿನ್ ಪಾರ್ಟಿ ಕೋಟಿಗಟ್ಟಲೆ ಕೊಡ್ತಾರೆ' ಅಂದ ಅಲ್ಲಿದ್ದ ಚೊಂಬಿನವನು. ತಟ್ಟೆಯಲ್ಲಿ ಅಕ್ಕಿ ಹರಡಿ ಚೊಂಬನ್ನು ಹತ್ತಿರ ತಂದ. ಕಾಳುಗಳು ಒಂದೊಂದೇ ತಲೆ ಎತ್ತಿ ಸರಸರ ಹೋಗಿ ಅಂಟಿಕೊಂಡವು. ಮೈ ಜುಂ ಅಂತು. ಅಷ್ಟೇ, ಬುದ್ಧಿ ಅಲ್ಲೇ ಹೋಯ್ತು.

ರಾತ್ರಿ ಅಂಗಿ ಬಿಚ್ಚುವಾಗ ತೋಳಿನ ಮಡಿಕೆಯಿಂದ ಎರಡು ಕಾಳು ಬಿದ್ದವು. ಎಸ್ಸೆಸ್ಸೆಲ್ಸಿ ಓದುವ ಮಗಳು ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದಳು. ಟಕ್ ಅಂತ ಅಂಟಿತು. 'ಅಪ್ಪಾ, ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿದ್ದಾರೆ, ಚೊಂಬಿನೊಳಗೆ ಅಯಸ್ಕಾಂತ ಇಟ್ಟಿರ್ಬೇಕು' ಅಂದಳು.

ಆಮೇಲೆ ಕೂತು ಓದಿದೆ, ದುಡ್ಡು ಹೋದ ಮೇಲೆ. ಇರಿಡಿಯಂ ಇರುವುದು ನಿಜ, ಅಪರೂಪ ಅನ್ನುವುದೂ ನಿಜ. ಆದರೆ ಅದು ಅಕ್ಕಿಯನ್ನೂ ಎಳೆಯಲ್ಲ, ಕಬ್ಬಿಣವನ್ನೂ ಎಳೆಯಲ್ಲ. ಸಿಡಿಲಿಗೆ ತಾಮ್ರ ಇರಿಡಿಯಂ ಆಗುವುದಿಲ್ಲ. ಚಿನ್ನವನ್ನೇ ಕರಗಿಸುವ ಆಕ್ವಾ ರೀಜಿಯಾ ಆಸಿಡ್ಡಿಗೂ ಅದು ಜಗ್ಗಲ್ಲವಂತೆ, ಕಿಲುಬು ಎಲ್ಲಿಂದ ಬರಬೇಕು? ಆ ಹಸಿರು ನನ್ನ ಕಣ್ಣೆದುರೇ ಇತ್ತು, ಕಣ್ಣೆದುರೇ! ತೂಕವೂ ಅಷ್ಟೇ. ಒಂದು ಕೆಜಿ ತಾಮ್ರದ ಚೊಂಬನ್ನು ಇರಿಡಿಯಂನಲ್ಲಿ ಮಾಡಿದ್ರೆ ಎರಡೂವರೆ ಕೆಜಿ ತೂಗಬೇಕು. ನಾನು ಎರಡೇ ಬೆರಳಲ್ಲಿ ಎತ್ತಿದ್ದೆ. ಪ್ಯಾರಿಸ್ ಹತ್ತಿರ ಇಟ್ಟಿರುವ, 2019ರವರೆಗೆ ಇಡೀ ಲೋಕಕ್ಕೆ ಕೆಜಿ ಅಂದ್ರೆ ಇಷ್ಟು ಅಂತ ಅಳತೆಯಾಗಿದ್ದ ತೂಕದ ಬಟ್ಟಿನಲ್ಲೂ ಇರಿಡಿಯಂ 10 ಪರ್ಸೆಂಟ್ ಇದೆ, ಮಿಕ್ಕಿದ್ದು ಪ್ಲಾಟಿನಂ. ಅಷ್ಟು ದೂರ ಯಾಕೆ, ಇರಿಡಿಯಂ ಸ್ಪಾರ್ಕ್ ಪ್ಲಗ್ ಬೈಕಿನ ಅಂಗಡಿಯಲ್ಲೇ ಸಿಗುತ್ತೆ. ತುದಿಯಲ್ಲಿ ಚೂರೇ ಚೂರು ಇರುತ್ತೆ, ಬೇಗ ಸವೆಯಲ್ಲ ಅಂತ.

ಚೊಂಬಿನವನಿಗೆ ಫೋನ್ ಮಾಡಿದೆ. 'ಅಣ್ಣ, ಮನೇಲಿ ಸೂತಕ ಇತ್ತಾ? ಅದಕ್ಕೇ ಪವರ್ ಇಳಿದಿದೆ. ಶುದ್ಧಿ ಪೂಜೆಗೆ 40 ಸಾವಿರ ಕಳಿಸಿ' ಅಂದ. ಬೈದೆ. ಪೊಲೀಸಿಗೆ ಹೋಗ್ತೀನಿ ಅಂದೆ. 'ಹೋಗಿ ಅಣ್ಣ, ಕೋಟಿ ಆಸೆಗೆ ಬಂದಿದ್ದೆ ಅಂತಾನೂ ಹೇಳಿ' ಅಂದ. ಆ ನಗು ಇನ್ನೂ ಕಿವೀಲಿದೆ.

ಚೊಂಬು ತೋರಿಸಿದ್ರೆ ಒಂದು ಅಯಸ್ಕಾಂತ ತಗೊಂಡು ಅಕ್ಕಿಗೆ ಹಿಡಿಯಿರಿ. ಅಥವಾ ಹೋಗಲೇಬೇಡಿ.

ನಾಳೆ ಕಂಪ್ಲೇಂಟ್ ಕೊಡುತ್ತೇನೆ. ಭಾವಮೈದ ಮಾತ್ರ 'ನಾನು ಪರಿಚಯ ಮಾಡಿಸಿದ್ದಷ್ಟೇ ಭಾವ, ನನ್ನ ಹೆಸರು ತರಬೇಡಿ' ಅಂತ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾನೆ.