ಪಿಸಿಪಿ ರೈಫಲ್‌ಗೆ ಗಾಳಿ: ಹ್ಯಾಂಡ್ ಪಂಪ್, ಕಂಪ್ರೆಸರ್, ಡೈವಿಂಗ್ ಸಿಲಿಂಡರ್ – ಕರಾವಳಿಯ ಸೆಕೆಗೆ ಯಾವುದು ಬಾಳುತ್ತದೆ?

ಪಿಸಿಪಿ ಅಂದರೆ ಮೊದಲೇ ಹಿಂಡಿ ತುಂಬಿಟ್ಟ ಗಾಳಿಯಿಂದ ಪೆಲೆಟ್ (ಸಣ್ಣ ಗುಂಡು) ಹೊಡೆಯುವ ಏರ್ ರೈಫಲ್. ಅದಕ್ಕೆ ಹ್ಯಾಂಡ್ ಪಂಪ್ ಹೊಡೆದು ಸಾಕಾದವರು ಹೊಸ ಸಲಕರಣೆ ಹುಡುಕುವಾಗ ಮೊದಲು ನೋಡುವುದು ಬಾರ್ (ಒತ್ತಡದ ಅಳತೆ) ಎಷ್ಟು, ತುಂಬಲು ನಿಮಿಷ ಎಷ್ಟು ಎಂದು. ಮಂಗಳೂರು, ಉಡುಪಿ ಕಡೆಯಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಗಾಳಿಯಲ್ಲಿರುವ ನೀರು ಎಲ್ಲಿಗೆ ಹೋಗುತ್ತದೆ? 300 ಬಾರ್ ಕೊಡುವ ಯಂತ್ರ ಈಗ ಸುಲಭವಾಗಿ ಸಿಗುತ್ತದೆ. ಒಣ ಗಾಳಿ ಕೊಡುವ ಯಂತ್ರ ಅಷ್ಟು ಸುಲಭವಲ್ಲ.

ಲೆಕ್ಕ ಹೀಗಿದೆ. 30 ಡಿಗ್ರಿ ಸೆಕೆ, ಶೇ 80 ತೇವಾಂಶ ಇದ್ದ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಮ್ಯಾಚ್ (ಸ್ಪರ್ಧೆಯ) ರೈಫಲಿನ 200 ಸಿಸಿ ಸಿಲಿಂಡರನ್ನು 100 ಬಾರ್‌ನಿಂದ 200ಕ್ಕೆ ಏರಿಸಲು ಹೊರಗಿನ ಗಾಳಿ 20 ಲೀಟರ್ ಬೇಕು. ಅದರೊಟ್ಟಿಗೆ ಅರ್ಧ ಮಿಲಿಲೀಟರ್‌ನಷ್ಟು, ಅಂದರೆ ಹತ್ತು ಹನಿ ನೀರು ಬರುತ್ತದೆ. ಒತ್ತಡ ಎಷ್ಟೇ ಇರಲಿ, ಈ ಬಿಸಿಗೆ ಒಂದು ಲೀಟರ್ ಜಾಗದಲ್ಲಿ ಆವಿಯಾಗಿ ನಿಲ್ಲುವ ನೀರು 30 ಮಿಲಿಗ್ರಾಂ ಮಾತ್ರ. 200 ಸಿಸಿಯಲ್ಲಿ 6 ಮಿಲಿಗ್ರಾಂ. ಉಳಿದದ್ದನ್ನು ದಾರಿಯಲ್ಲಿ ಹಿಡಿದು ಹೊರಗೆ ಬಿಡದಿದ್ದರೆ ಅದು ದ್ರವವಾಗಿ ಸಿಲಿಂಡರಿನೊಳಗೇ ಕೂರುತ್ತದೆ. ವಾರಕ್ಕೆ ಮೂರು ಸಲ ತುಂಬುವ ರೈಫಲಿಗೆ ಒಂದು ಆಟಿ ತಿಂಗಳು ಕಳೆಯುವಷ್ಟರಲ್ಲಿ ಏನಾಗಬಹುದು ಎಂದು ನೀವೇ ಲೆಕ್ಕ ಹಾಕಿ.

ಮೊದಲ ಪೆಟ್ಟು ಬೀಳುವುದು ರೆಗ್ಯುಲೇಟರಿಗೆ, ಅಂದರೆ ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡುವ ಭಾಗಕ್ಕೆ. ಒಳಗಿನ ಉಕ್ಕಿನ ಡಿಸ್ಕ್ ಸ್ಪ್ರಿಂಗ್‌ಗಳು ತುಕ್ಕು ಹಿಡಿಯುತ್ತವೆ, ಸೀಟಿನ ಮೇಲೆ ಸಣ್ಣ ಗುಳಿ ಬೀಳುತ್ತದೆ, ಆಮೇಲೆ ಒತ್ತಡ ನಿಧಾನಕ್ಕೆ ಸೋರಿ ಮೇಲೇರುತ್ತದೆ. ಗುರುತಿಸುವುದು ಕಷ್ಟವಲ್ಲ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಪೆಲೆಟಿನ ವೇಗವನ್ನು, ಬೆನ್ನಿಗೇ ಹೊಡೆದ ಐದರ ವೇಗವನ್ನು ಕ್ರೋನೋಗ್ರಾಫಿನಲ್ಲಿ (ವೇಗ ಅಳೆಯುವ ಸಾಧನ) ನೋಡಿ. ಮೊದಲನೆಯದೇ ಪ್ರತಿಸಲ ಬೇರೆ ನಿಂತರೆ ತೊಂದರೆ ಬ್ಯಾರೆಲಿನಲ್ಲಿಲ್ಲ, ರೆಗ್ಯುಲೇಟರಿನಲ್ಲಿದೆ. ಅಲ್ಯುಮಿನಿಯಂ ಸಿಲಿಂಡರಿನೊಳಗೆ ಬಿಳಿ ಪುಡಿ ಕಂಡರಂತೂ ಅದನ್ನು ಮತ್ತೆ ತುಂಬಿಸಬಾರದು.

ಹ್ಯಾಂಡ್ ಪಂಪನ್ನು ಬೈಯುವವರೇ ಹೆಚ್ಚು, ಆದರೆ ಒಂದೇ ರೈಫಲ್ ಇರುವವರಿಗೆ ಅದು ಕೆಟ್ಟದ್ದಲ್ಲ. ಮೂರು ಹಂತದ ಪಂಪಿನಲ್ಲಿ 200 ಸಿಸಿಯನ್ನು 100ರಿಂದ 200 ಬಾರ್‌ಗೆ ಏರಿಸಲು ಎಂಬತ್ತರಿಂದ ನೂರು ಸಲ ಒತ್ತಬೇಕು. ಕೊನೆಯ ಮೂವತ್ತಕ್ಕೆ ಮೈಭಾರವನ್ನೇ ಹಾಕಬೇಕಾಗುತ್ತದೆ. 150 ದಾಟಿದ ಮೇಲೆ ಅವಸರ ಮಾಡಿದರೆ ಪಂಪಿನ ಸೀಲ್ ಬಿಸಿಯಾಗಿ ಸವೆಯುತ್ತದೆ. ನಲವತ್ತು ಸಲ ಒತ್ತಿ ಐದು ನಿಮಿಷ ಬಿಡುವುದು, ಬಿಟ್ಟಾಗಲೆಲ್ಲ ಬ್ಲೀಡ್ ತಿರುಪನ್ನು ಸಡಿಲಿಸಿ ನೀರನ್ನು ಹೊರಗೆ ಉಗುಳಿಸುವುದು ಸರಿಯಾದ ಕ್ರಮ. ರೈಫಲ್ ಸಿಲಿಂಡರಿನ ಚೆಕ್ ವಾಲ್ವ್ ಒಳಗಿನ ಗಾಳಿಯನ್ನು ಹಿಡಿದುಕೊಳ್ಳುವುದರಿಂದ ಹೀಗೆ ಮಾಡಿದರೆ ನಷ್ಟ ಮೆದುಗೊಳವೆಯೊಳಗಿನ ಗಾಳಿ ಮಾತ್ರ. ಪಂಪಿನ ಬುಡದಲ್ಲಿರುವ ಹತ್ತಿಯ ಸಣ್ಣ ತುಂಡನ್ನು ಫಿಲ್ಟರ್ ಎಂದು ನಂಬಬೇಡಿ. ಗಾಳಿ ಒಳಗೆ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಜೋಡಿಸಬಹುದಾದ ಪಂಪ್ ಆದರೆ ಮಾತ್ರ ಇಲ್ಲಿಗೆ ತಕ್ಕದ್ದು.

ಕಾರಿನ ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಪುಟ್ಟ ಕಂಪ್ರೆಸರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 250 ವಾಟ್ ಅಂದರೆ 20 ಆಂಪಿಯರ್. ಸಿಗರೇಟ್ ಲೈಟರಿನ ಸಾಕೆಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಕ್ಲಿಪ್ಪನ್ನು ನೇರ ಬ್ಯಾಟರಿಗೇ ಹಾಕಬೇಕು. ರೈಫಲಿನ ಸಿಲಿಂಡರಿಗೆ ಸಾಕು, ದೊಡ್ಡ ಸಿಲಿಂಡರ್ ತುಂಬಿಸಲು ಹೋದರೆ ಸುಟ್ಟೇ ಹೋಗುತ್ತದೆ.

ಹೆಚ್ಚಿನವರ ಕಣ್ಣಿರುವುದು 230 ವೋಲ್ಟಿನ, ನೀರಿನಿಂದ ತಂಪಾಗುವ, 1800 ವಾಟಿನ ಕಂಪ್ರೆಸರ್ ಮೇಲೆ. 300 ಬಾರ್ ಕೊಡುತ್ತದೆ, 6.8 ಲೀಟರಿನ ಕಾರ್ಬನ್ ಫೈಬರ್ ಸಿಲಿಂಡರನ್ನು ಸುಮಾರು ಒಂದು ಗಂಟೆಯಲ್ಲಿ ತುಂಬಿಸುತ್ತದೆ. ಯಂತ್ರ ಗಟ್ಟಿಯೇ. ಸೋಲುವುದು ಅದರೊಂದಿಗೆ ಬರುವ ಸಾಮಾನು.

ತಂಪಿನ ನೀರನ್ನೇ ತೆಗೆದುಕೊಳ್ಳಿ. ಒಂದು ಬಕೆಟ್ ಸಾಕು ಎಂದು ಮಾರುವವರು ಹೇಳುತ್ತಾರೆ. ಒಂದು ಕಿಲೋವಾಟ್ ಶಾಖ ನೀರಿಗೆ ಹೋಗುತ್ತದೆಂದು ಹಿಡಿದರೂ 20 ಲೀಟರ್ ನೀರು ಒಂದು ಗಂಟೆಯಲ್ಲಿ 43 ಡಿಗ್ರಿ ಏರುತ್ತದೆ. 28 ಡಿಗ್ರಿಯಲ್ಲಿ ಶುರು ಮಾಡಿದರೆ ಕೊನೆಗೆ ಸ್ನಾನಕ್ಕೂ ಆಗದಷ್ಟು ಬಿಸಿ. 50 ಲೀಟರಿನ ಡ್ರಮ್ ಇಟ್ಟರೆ ಏರುವುದು 17 ಡಿಗ್ರಿ. ಮೇಲೆ ನಾಲ್ಕು ಐಸ್ ಬಾಟಲಿ ಹಾಕಿದರೆ ಇನ್ನೂ ಒಳ್ಳೆಯದು. ಕೆಂಪು ಬರುವ ಬೋರ್‌ವೆಲ್ ನೀರು ಬೇಡ, ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಹೆಡ್‌ನ ಉಷ್ಣತೆ 70 ಡಿಗ್ರಿ ದಾಟಿದರೆ ನಿಲ್ಲಿಸಿ. ವಿದ್ಯುತ್ತಿನ ಕಡೆಯಿಂದ 16 ಆಂಪಿಯರಿನ ಸಾಕೆಟ್, 2.5 ಚದರ ಮಿಲಿಮೀಟರಿನ ತಂತಿ. ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ವೋಲ್ಟೇಜ್ ಕುಸಿದಾಗ ಹಟ ಹಿಡಿದು ಓಡಿಸಿದರೆ ಮೋಟಾರ್ ವೈಂಡಿಂಗ್ ಬಿಸಿಯಾಗುತ್ತದೆ. ಒತ್ತಡ ತುಂಬಿದ ಸ್ಥಿತಿಯಲ್ಲಿ ಕರೆಂಟ್ ಹೋಗಿ ಬಂದರೆ ಮೊದಲು ಬ್ಲೀಡ್ ತೆರೆದು ಒತ್ತಡ ಇಳಿಸಿಯೇ ಮತ್ತೆ ಚಾಲೂ ಮಾಡಬೇಕು.

ಇನ್ನು ನೀರು ಇಳಿಸುವ ಕೆಲಸ. 6.8 ಲೀಟರನ್ನು 300 ಬಾರ್‌ಗೆ ತುಂಬಿಸುವಾಗ ಒಳಗೆ ಹೋಗುವ ಗಾಳಿ ಎರಡು ಘನ ಮೀಟರಿನಷ್ಟು, ಅದರೊಟ್ಟಿಗೆ ಬರುವ ನೀರು 48 ಮಿಲಿಲೀಟರಿನ ಆಸುಪಾಸು. ಐದು ನಿಮಿಷಕ್ಕೆ ನಾಲ್ಕು ಮಿಲಿಲೀಟರ್ ಅನ್ನಿ. ಐದು ನಿಮಿಷಕ್ಕೊಮ್ಮೆ ಎರಡೂ ಬ್ಲೀಡ್ ತಿರುಪುಗಳನ್ನು ತೆರೆಯಬೇಕು. ಹಾಲಿನಂತೆ ಬಿಳಿಯಾದ ನೀರು ಬರುತ್ತದೆ, ಎಣ್ಣೆ ಬೆರೆತದ್ದರಿಂದ. ಬರದಿದ್ದರೆ ಖುಷಿಪಡಬೇಡಿ, ಅದು ಸಿಲಿಂಡರಿಗೆ ಹೋಗಿದೆ ಎಂದರ್ಥ.

ಜೊತೆಗೆ ಕೊಡುವ ಬೆರಳುದ್ದದ ಫಿಲ್ಟರ್ ಈ ಸೆಕೆಗೆ ಸಾಲದು. ಬೇಕಾದದ್ದು ಮಾಲೆಕ್ಯುಲರ್ ಸೀವ್ (ನೀರಾವಿ ಹೀರುವ ಹರಳು) ಮತ್ತು ಇದ್ದಲು ತುಂಬಿದ 300 ಬಾರ್ ತಡೆಯುವ ಉದ್ದದ ಫಿಲ್ಟರ್, ಅದರ ಹೊರಬಾಯಿಗೆ 150 ಬಾರ್‌ಗೆ ಇಟ್ಟ ಒತ್ತಡ ಹಿಡಿಯುವ ವಾಲ್ವ್. ಈ ವಾಲ್ವ್ ಇಲ್ಲದಿದ್ದರೆ ಖಾಲಿ ಸಿಲಿಂಡರ್ ತುಂಬಿಸುವ ಮೊದಲರ್ಧದಲ್ಲಿ ಗಾಳಿ ಕಡಿಮೆ ಒತ್ತಡದಲ್ಲೇ ಫಿಲ್ಟರ್ ದಾಟುತ್ತದೆ. ಕಡಿಮೆ ಒತ್ತಡದ ಗಾಳಿಯಿಂದ ನೀರು ಪೂರ್ತಿ ಹನಿಯಾಗಿ ಬೇರೆಯಾಗುವುದಿಲ್ಲ, ಉಳಿದದ್ದು ಆವಿಯಾಗಿಯೇ ನುಸುಳುತ್ತದೆ. ವಾಲ್ವ್ ಇದ್ದರೆ ಮೊದಲ ಲೀಟರಿನಿಂದಲೇ ಗಾಳಿ 150 ಬಾರ್‌ನಲ್ಲಿ ಹಿಂಡಿಕೊಂಡು ಬರುತ್ತದೆ. ಘನ ಮೀಟರಿಗೆ 24 ಗ್ರಾಂ ಇದ್ದದ್ದು 0.2 ಗ್ರಾಂಗೆ ಇಳಿದ ಮೇಲೆ ಸೀವ್‌ಗೆ ಉಳಿಯುವ ಕೆಲಸ ಸ್ವಲ್ಪವೇ. ಕಂಪ್ರೆಸರಿನ ಹೆಚ್ಚುವರಿ ಸಾಮಾನುಗಳಲ್ಲಿ ದುಡ್ಡು ಹಾಕುವುದಾದರೆ ಇದಕ್ಕೆ ಮೊದಲು ಹಾಕಿ. ಡಿಜಿಟಲ್ ಮೀಟರ್, ಅಂದದ ಪೆಟ್ಟಿಗೆ ಎಲ್ಲ ಆಮೇಲೆ.

ದುಡ್ಡೇ ಇಲ್ಲದ ಉಪಾಯವೂ ಒಂದಿದೆ. ಗಾಳಿ ಎಳೆಯುವ ಕೊಳವೆಯ ಬಾಯನ್ನು ಎಸಿ ಕೋಣೆಯೊಳಗೆ ಇಡಿ. 24 ಡಿಗ್ರಿ, ಶೇ 50 ತೇವಾಂಶದ ಗಾಳಿಯಲ್ಲಿ ಘನ ಮೀಟರಿಗೆ ನೀರು 11 ಗ್ರಾಂ ಮಾತ್ರ, ಹೊರಗಿನದರ ಅರ್ಧಕ್ಕಿಂತ ಕಡಿಮೆ. ಅದಕ್ಕೆ ಅರ್ಧ ಕಿಲೋ ಸಿಲಿಕಾ ಜೆಲ್ ಡಬ್ಬಿಯೂ ಸೇರಿದರೆ ಚಂಡಿ ಗಾಳಿಯ ಮಂಡೆಬಿಸಿ ಬಹುಪಾಲು ಮುಗಿಯಿತು. ಜೆಲ್ಲಿನ ಪುಡಿ ಒಳಗೆ ಹೋಗದಂತೆ ಡಬ್ಬಿಯ ಆಚೆ ಒಂದು ಧೂಳಿನ ಫಿಲ್ಟರ್ ಇರಲಿ. ನೀಲಿ ಜೆಲ್ ಗುಲಾಬಿಯಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಬರುತ್ತದೆ. ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆಯ ಓವನ್ನಿಗೆ ಹಾಕಬೇಡಿ. ಮಾಲೆಕ್ಯುಲರ್ ಸೀವ್ ಒಣಗಲು 250 ಡಿಗ್ರಿಗೂ ಮೇಲೆ ಬೇಕು, ಮನೆಯಲ್ಲಿ ಆಗುವುದಲ್ಲ, ಹೊಸದು ಹಾಕಿ.

ಈ ಕಂಪ್ರೆಸರಿನ ಬರ್ಸ್ಟ್ ಡಿಸ್ಕ್ (ಒತ್ತಡ ಮಿತಿಮೀರಿದರೆ ಒಡೆಯುವ ಬಿಲ್ಲೆ) ಹಾರಿಹೋದರೆ ಅದೇ ಅಳತೆಯದನ್ನು, ಕಾರಣ ಹುಡುಕಿದ ಮೇಲೆಯೇ, ಹಾಕಬೇಕು. ಎರಡು ಡಿಸ್ಕ್ ಒಟ್ಟಿಗೆ ಇಡುವುದು, ತಗಡಿನ ಬಿಲ್ಲೆ ಕತ್ತರಿಸಿ ಹಾಕುವುದು ಆತ್ಮಹತ್ಯೆಗೆ ಸಮ. ಈ ಕಂಪ್ರೆಸರಿನ ಗಾಳಿ ಉಸಿರಾಟಕ್ಕೂ ಅಲ್ಲ.

ಮೂರನೆಯ ದಾರಿ ಡೈವಿಂಗ್ ಸಿಲಿಂಡರ್. 10 ಮೀಟರಿನ ಮ್ಯಾಚ್ ರೈಫಲಿಗೆ ನಮ್ಮ ಮೊದಲ ಆಯ್ಕೆ ಇದೇ. ಡೈವಿಂಗಿನ ಗಾಳಿ ಉಸಿರಾಟದ ಮಟ್ಟಕ್ಕೆ ಸೋಸಿ ಒಣಗಿಸಿದ್ದು, ಹಾಗಾಗಿ ಮೇಲಿನ ಪುರಾಣವೆಲ್ಲ ಬೇರೆಯವರ ತಲೆನೋವು. ಸಾಮಾನ್ಯವಾಗಿ ಸಿಗುವ ಅಲ್ಯುಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್, ತುಂಬುವ ಒತ್ತಡ 207 ಬಾರ್. 200 ಬಾರ್ ಇದೆ ಎಂದಿಟ್ಟುಕೊಂಡು 200 ಸಿಸಿಯನ್ನು ಪ್ರತಿಸಲ 100ರಿಂದ ತುಂಬಿಸುತ್ತಾ ಹೋದರೆ ಮೊದಲ ಹನ್ನೆರಡು ಸಲ 180ಕ್ಕಿಂತ ಮೇಲೆಯೇ ಸಿಗುತ್ತದೆ. 150ಕ್ಕೆ ಇಳಿಯಲು ಸುಮಾರು ನಲವತ್ತು ಸಲ ಬೇಕು. ಎರಡು ಸಿಲಿಂಡರ್ ಇದ್ದರೆ ಮೊದಲು ಇಳಿದಿರುವುದರಿಂದ ಅರ್ಧ ತುಂಬಿಸಿ, ಆಮೇಲೆ ಹೆಚ್ಚು ಇರುವುದರಿಂದ ಮುಗಿಸಿ. ಹೋಲಿಕೆಗೆ ಹೇಳುವುದಾದರೆ, 300 ಬಾರಿನ 6.8 ಲೀಟರ್ ಕಾರ್ಬನ್ ಸಿಲಿಂಡರ್ ಪೂರ್ತಿ 200 ಬಾರ್‌ಗೆ ಇಪ್ಪತ್ತೈದರಷ್ಟು ಸಲ ಕೊಡುತ್ತದೆ. 300 ಬಾರ್ ಅಂದ ಮಾತ್ರಕ್ಕೆ 2040 ಲೀಟರ್ ಎಂದು ಗುಣಿಸಬೇಡಿ, ಆ ಒತ್ತಡದಲ್ಲಿ ಗಾಳಿ ಅಷ್ಟು ಕುಗ್ಗುವುದಿಲ್ಲ, ಸಿಗುವುದು 1850ರ ಸುಮಾರು.

ಕೊರತೆ ದೂರದ್ದು. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೊರಡುವ ಮುರ್ಡೇಶ್ವರ ಉಡುಪಿಯಿಂದ ಹೆದ್ದಾರಿ 66ರಲ್ಲಿ ನೂರು ಕಿಲೋಮೀಟರಿನಷ್ಟು. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಿಲ್ಲುತ್ತದೆ, ಮೇ ಕೊನೆಯೊಳಗೆ ತುಂಬಿಸಿ ಇಟ್ಟುಕೊಳ್ಳಬೇಕು. ಹೊರಗಿನವರ ಸಿಲಿಂಡರಿಗೆ ತುಂಬಿಸಿಕೊಡುತ್ತಾರೋ ಎಂದು ಫೋನ್ ಮಾಡಿ ಕೇಳಿಯೇ ಹೊರಡಿ. ಹೈಡ್ರೋ ಪರೀಕ್ಷೆಯ (ನೀರು ತುಂಬಿ ಒತ್ತಡ ತಡೆಯುತ್ತದೆಯೇ ಎಂದು ನೋಡುವುದು) ಅವಧಿ ಮುಗಿದಿದ್ದರೆ ತುಂಬಿಸುವುದಿಲ್ಲ, ತುಂಬಿಸಬಾರದು ಕೂಡ. ಕಾರ್ಬನ್ ಸಿಲಿಂಡರಿಗೆ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಪರೀಕ್ಷೆ, ಹದಿನೈದು ವರ್ಷಕ್ಕೆ ಆಯುಸ್ಸು ಮುಗಿಯಿತು. ರೈಫಲಿನ ಸಿಲಿಂಡರಿನ ಮೇಲೂ ದಿನಾಂಕವಿದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಹತ್ತು ವರ್ಷ ಮೀರುವಂತಿಲ್ಲ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವಾಗ ಬ್ಯಾರೆಲ್ ನೋಡುವ ಮೊದಲು ಆ ದಿನಾಂಕ ನೋಡಿ.

ಬೈಕಂಪಾಡಿಯ ಕಡೆ ಸಿಗುವ ಕೈಗಾರಿಕಾ ಗ್ಯಾಸಿನ ಯೋಚನೆ ಹಲವರಿಗೆ ಬರುತ್ತದೆ. ಆಮ್ಲಜನಕ ಯಾವ ಕಾರಣಕ್ಕೂ ಬೇಡ. ಒತ್ತಡದ ಆಮ್ಲಜನಕಕ್ಕೆ ಗ್ರೀಸಿನ ಒಂದು ಚುಕ್ಕೆ ಸಿಕ್ಕಿದರೂ ಸಿಲಿಂಡರ್ ಬಾಂಬ್ ಆಗುತ್ತದೆ. ನೈಟ್ರೋಜನ್ ಒಣಗಿದ್ದು, ರೈಫಲಿಗೆ ತೊಂದರೆಯಿಲ್ಲ, ಆದರೆ ಸಾಮಾನ್ಯ ಸಿಲಿಂಡರಿನಲ್ಲಿ 150 ಬಾರಿನಷ್ಟೇ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರುಗಟ್ಟುತ್ತದೆ.

ಇನ್ನೊಂದು ಇಲ್ಲಿಯದೇ ಆದ ತಪ್ಪು: ಬೋಟು, ಜೆಸಿಬಿಗಳಿಗೆ ಹೈಡ್ರಾಲಿಕ್ ಪೈಪ್ ಕ್ರಿಂಪ್ ಮಾಡಿಕೊಡುವ ಅಂಗಡಿಯಲ್ಲಿ ಫಿಲ್ ಹೋಸ್ (ಗಾಳಿ ತುಂಬುವ ಕೊಳವೆ) ಮಾಡಿಸಿಕೊಳ್ಳುವುದು. ಆ ಪೈಪ್ ಎಣ್ಣೆಗೆ ಮಾಡಿದ್ದು. ಗಾಳಿ ಒಳಪದರದಲ್ಲಿ ಇಂಗಿ ಗುಳ್ಳೆ ಎಬ್ಬಿಸುತ್ತದೆ, ಉಳಿದ ಎಣ್ಣೆ ನೇರ ರೈಫಲಿಗೆ. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನ ಪೈಪ್ ಕಿತ್ತುಬಂದಾಗ ಹೇಗೆ ಬಡಿಯುತ್ತದೆ ಎಂದು ತೋಟದವರಿಗೆ ಗೊತ್ತು. ಅಲ್ಲಿರುವುದು 20ರಿಂದ 40 ಬಾರಿನ ದ್ರವ. ಇಲ್ಲಿರುವುದು ಅದರ ಐದಾರು ಪಟ್ಟು ಒತ್ತಡದ ಗಾಳಿ. ಮೈಕ್ರೋಬೋರ್ (ಕಿರಿದಾದ ಒಳರಂಧ್ರದ) ಹೋಸ್, ಬ್ಲೀಡ್ ಇರುವ ಡಿನ್ ಫಿಟ್ಟಿಂಗ್ (ಸಿಲಿಂಡರಿನ ವಾಲ್ವಿಗೆ ತಿರುಗಿಸಿ ಕೂರಿಸುವ ಜೋಡಣೆ), ಕಂಪೆನಿಯದೇ ಅಡಾಪ್ಟರ್. ಇವಿಷ್ಟಕ್ಕೆ ಚೌಕಾಸಿ ಬೇಡ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಮನೆಯಲ್ಲಿ ಹೊಲಿಗೆ ಮೆಷಿನ್ನಿನಿಂದ ಬಾಗಿಲಿನ ಕೀಲಿಯವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆ ಹಾಕುವ ಅಭ್ಯಾಸ ಇಲ್ಲಿಗೆ ತರಬೇಡಿ. ಗಾಳಿ ಒಮ್ಮೆಲೇ ಹಿಂಡಿದಾಗ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನೊಳಗೆ ಆಗುವಂತೆಯೇ.

ತುಂಬುವ ಕ್ರಮ ಯಾವ ಸಲಕರಣೆಗೂ ಒಂದೇ. ಬ್ಯಾರೆಲಿನಲ್ಲಿ ಪೆಲೆಟ್ ಇಲ್ಲವೆಂದು ನೋಡಿ, ಕಳಚುವ ಸಿಲಿಂಡರ್ ಆದರೆ ಕಳಚಿ, ಅಡಾಪ್ಟರನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಕನ್ನಡಕ ಹಾಕಿಕೊಳ್ಳಿ, ಸಿಲಿಂಡರಿನ ಎರಡು ತುದಿಗಳ ನೇರಕ್ಕೆ ನಿಲ್ಲಬೇಡಿ. ದೊಡ್ಡ ಸಿಲಿಂಡರಿನ ವಾಲ್ವನ್ನು ಕೂದಲೆಳೆಯಷ್ಟು ತೆರೆದು, ಹತ್ತು ಸೆಕೆಂಡಿಗೆ ಹತ್ತು ಬಾರ್ ಏರುವ ವೇಗದಲ್ಲಿ ಬಿಡಿ. ಅವಸರದಲ್ಲಿ ತುಂಬಿ ಸಿಲಿಂಡರ್ 60 ಡಿಗ್ರಿ ಬಿಸಿಯಾದರೆ, ಮೀಟರ್ 200 ತೋರಿಸಿದ್ದು ತಣಿದಾಗ 182ಕ್ಕೆ ಇಳಿಯುತ್ತದೆ. ಸೋರುತ್ತಿದೆ ಎಂದು ಗಾಬರಿಯಾಗಿ ರೈಫಲ್ ಬಿಚ್ಚುವವರು ಇದನ್ನು ನೆನಪಿಡಲಿ. 200ರ ಸಿಲಿಂಡರಿಗೆ 190 ಸಾಕು. ದೊಡ್ಡ ವಾಲ್ವ್ ಮುಚ್ಚಿ, ಬ್ಲೀಡ್ ತೆರೆದು ಹೋಸ್ ಪೂರ್ತಿ ಖಾಲಿ ಮಾಡಿ, ಆಮೇಲೆ ಬಿಚ್ಚಿ. ಕೈಯಲ್ಲಿ ತಿರುಗದಿದ್ದರೆ ಒಳಗೆ ಇನ್ನೂ ಒತ್ತಡವಿದೆ. ಸ್ಪ್ಯಾನರ್ ಹುಡುಕಬೇಡಿ, ಬ್ಲೀಡ್ ಮತ್ತೊಮ್ಮೆ ನೋಡಿ.

ಗಾಳಿಯ ಸೌಕರ್ಯ ಹೆಚ್ಚಿತೆಂದು ರೆಗ್ಯುಲೇಟರ್ ತಿರುಗಿಸಿ ಶಕ್ತಿ ಏರಿಸಲು ಹೋಗಬೇಡಿ. 0.177 ಇಂಚಿನ ಏರ್ ರೈಫಲಿಗೆ ಲೈಸೆನ್ಸ್ ಬೇಡವೆನ್ನುವ ವಿನಾಯಿತಿ 20 ಜೂಲ್‌ಗಿಂತ ಕೆಳಗಿದ್ದರೆ ಮಾತ್ರ. ತೋಟದ ಮಂಗಗಳ ಮೇಲೆ ಪ್ರಯೋಗಿಸುವುದಂತೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಮುಗಿಸುವ ಮುನ್ನ ಒಂದು ಸಣ್ಣ ವಿಷಯ. ಸ್ಪರ್ಧೆಗೆ ಬಜ್ಪೆಯಿಂದ ವಿಮಾನ ಹತ್ತುವವರು ಸಿಲಿಂಡರ್ ಖಾಲಿ ಮಾಡಿ, ಕಳಚಿ ಒಯ್ಯಬೇಕು. ಖಾಲಿ ಮಾಡಿದ ಬಾಯಿ ಉಪ್ಪುಗಾಳಿಗೆ ತೆರೆದಿರದಂತೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಅದು ಅಡಾಪ್ಟರಿನ ಪೊಟ್ಟಣದಲ್ಲೇ ಬಂದಿರುತ್ತದೆ, ಹೆಚ್ಚಿನವರು ಮೊದಲ ದಿನವೇ ಕಳೆದುಕೊಂಡಿರುತ್ತಾರೆ.