12 ಬೋರ್ ಜೋಡು ನಳಿಗೆ ಕೋವಿ, ವರ್ಷಗಟ್ಟಲೆ ಬಳಸಿದ ಮೇಲೆ: ತೋಟೆಯ ಖರ್ಚು ಮತ್ತು ಮಳೆಗಾಲದ ಕಾಟ

ಕೊಡಗು, ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕೋವಿ ಇದೇ. ಮಧ್ಯಕ್ಕೆ ಮಡಚುವ, ಎರಡು ಟ್ರಿಗರ್ ಇರುವ 12 ಬೋರ್. ಕೋವಿಯ ಬಗ್ಗೆ ದೊಡ್ಡ ದೂರಿಲ್ಲ. ಒಳಗೆ ಭಾಗಗಳು ಕಮ್ಮಿ, ಕೆಡುವುದೂ ಕಮ್ಮಿ. ಜೇಬಿಗೆ ಭಾರವಾಗುವುದು ತೋಟೆ. ಅದರಲ್ಲೂ ಹೊಡೆದ ತೋಟೆಗಿಂತ ಹಾಳಾದ ತೋಟೆಯೇ ಹೆಚ್ಚು ದುಡ್ಡು ತಿನ್ನುತ್ತದೆ.

ಅಂಗಡಿಯಲ್ಲಿ ಈಗ ಒಂದೊಂದು ತೋಟೆಗೂ ಮೂರಂಕಿ ಬೆಲೆ. ಊರಿಂದ ಊರಿಗೆ, ಚರೆಯ (ತೋಟೆಯೊಳಗಿನ ಸೀಸದ ಕಾಳಿನ) ನಂಬರಿಂದ ನಂಬರಿಗೆ ವ್ಯತ್ಯಾಸವಿದೆ. ಲೆಕ್ಕಕ್ಕೆ 120 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಕೊಂಡು ಎರಡು ಸಿಡಿಯದೆ ಠುಸ್ಸಾದರೆ ಸಿಡಿದ ಪ್ರತಿ ತೋಟೆಗೆ 150 ರೂಪಾಯಿ ಬಿತ್ತು. ಚೌಕಾಸಿ ಮಾಡಿ ಐದು ರೂಪಾಯಿ ಉಳಿಸುವುದಕ್ಕಿಂತ ಆ ಎರಡನ್ನು ಉಳಿಸುವುದು ಲಾಭ. ಒಟ್ಟಿಗೆ ರಾಶಿ ಕೊಂಡು ಅಗ್ಗ ಮಾಡಿಕೊಳ್ಳುವ ದಾರಿಯೂ ಇಲ್ಲ, ಲೈಸೆನ್ಸ್ ಪುಸ್ತಕದಲ್ಲಿ ಬರೆದ ಸಂಖ್ಯೆಯೇ ಮಿತಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಆದರೆ ಆ ವಿನಾಯಿತಿಯಿಂದ ತೋಟೆಯೇನೂ ಅಗ್ಗವಾಗುವುದಿಲ್ಲ.

ನಮ್ಮ ಕಡೆ ಸಿಗುವುದರಲ್ಲಿ ಹೆಚ್ಚಿನದು ಪುಣೆಯ ಖಡ್ಕಿ ಕಾರ್ಖಾನೆಯ ಮಾಲು. 2021ರ ಅಕ್ಟೋಬರಿನಿಂದ ಆ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿದೆ. ಕೊಳ್ಳುವಾಗ ಎಲ್ಲರೂ ಎಲ್‌ಜಿ ಕೇಳುತ್ತಾರೆ, ದೊಡ್ಡ ಚರೆ ಎಂದರೆ ದೊಡ್ಡ ಕೆಲಸ ಎಂಬ ನಂಬಿಕೆ. ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಲೇ ಬೀಗ ಬಿದ್ದಿದೆ. ಉಳಿದಿರುವುದು ಬೆಳೆ ಕಾಯಲು ಸದ್ದು ಮಾಡುವುದು, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗಿನ ಈಡು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಸದ್ದು ಬರುವುದು ಮದ್ದಿನಿಂದ, ಚರೆಯ ಗಾತ್ರದಿಂದಲ್ಲ. ಆನೆ, ಹಂದಿ ಬೆದರಿಸಲು 6ನೇ ನಂಬರಿನ ಸಣ್ಣ ಚರೆ ಮಾಡುವ ಸದ್ದನ್ನೇ ಎಲ್‌ಜಿಯೂ ಮಾಡುತ್ತದೆ. ಬ್ರಿಟಿಷ್ ಅಳತೆಯಲ್ಲಿ 6ನೇ ನಂಬರಿನ ಚರೆ ಔನ್ಸಿಗೆ ಸುಮಾರು 270 ಕಾಳು, ಇನ್ನೊಂದು ದಪ್ಪ ಚರೆ ಎಸ್‌ಜಿ 8, ಎಲ್‌ಜಿ ಸುಮಾರು 6. 6ರ ಕಾಳು ಹೆಚ್ಚೆಂದರೆ 200 ಮೀಟರ್ ಆಸುಪಾಸಿನಲ್ಲಿ ನೆಲಕ್ಕೆ ಬೀಳುತ್ತದೆ. ಎಲ್‌ಜಿ ಕಾಳು 700 ಮೀಟರ್ ದಾಟಬಲ್ಲದು, ಅಂದರೆ ಪಕ್ಕದ ಲೈನ್‌ಮನೆಯನ್ನೂ ದಾಟಿ ಇನ್ನೊಂದು ಎಸ್ಟೇಟಿಗೆ. ಸದ್ದಿಗೆ ಎಲ್‌ಜಿ ಹಾರಿಸುವುದು ದುಡ್ಡಿಗೂ ದಂಡ, ಜೀವಕ್ಕೂ ಅಪಾಯ.

ತೋಟೆ ಕೊಳ್ಳುವ ಮೊದಲು ನಳಿಗೆ ಬಿಚ್ಚಿ ಅಡಿಯ ಮಟ್ಟಸ ಭಾಗದ ಗುರುತು ಓದಿ. 65 ಮಿ.ಮೀ. ಅಥವಾ ಎರಡೂವರೆ ಇಂಚು ಎಂದಿದ್ದರೆ 70 ಮಿ.ಮೀ. ತೋಟೆ ಹಾಕಕೂಡದು. ಹಳೆಯ ಮನೆಗಳ ವಿಲಾಯತಿ ಕೋವಿಗಳಲ್ಲಿ ಈ ಗುರುತು ಸಾಮಾನ್ಯ. ತೋಟೆಯ ಉದ್ದ ಎಂದರೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹಾಗಾಗಿ 70ರ ತೋಟೆ 65ರ ಗೂಡಿನೊಳಗೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಸುರುಳಿ ಸುರುಳಿ ನಮೂನೆಯ ಡಮಾಸ್ಕಸ್ ನಳಿಗೆ ಇದ್ದರೆ ಗೋಡೆಯ ಮೇಲೆ ಇರಲಿ, ಈಗಿನ ಹೊಗೆರಹಿತ ಮದ್ದಿನ ತೋಟೆ ಬೇಡ. ಮನೆಯಲ್ಲಿ 20 ಬೋರ್ ಕೋವಿಯೂ ಇದ್ದರೆ ಎರಡರ ತೋಟೆಯನ್ನು ಒಂದೇ ಜೇಬಿಗೆ ಹಾಕಬೇಡಿ. 20ರ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಂಡಿತೆಂದು 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಠುಸ್ಸಾದಾಗ

ಟ್ರಿಗರ್ ಎಳೆದಿರಿ, 'ಟಿಕ್' ಅಂದಿತು, ಅಷ್ಟೇ. ಕೋವಿಯ ಬಾಯಿ ಅಪಾಯವಿಲ್ಲದ ಕಡೆಗೇ ಇರಲಿ, 30 ಸೆಕೆಂಡ್ ಕಾಯಿರಿ. ಹಸಿ ಹಿಡಿದ ತೋಟೆ ತಡವಾಗಿ ಸಿಡಿಯುವುದುಂಟು. ಆಮೇಲೆ ಮಡಚಿ ತೋಟೆ ತೆಗೆದು ಹಿಂಭಾಗದ ಕೇಪು (ಪಿನ್ ಪೆಟ್ಟಿಗೆ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಬಿಲ್ಲೆ) ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಗುಳಿ ಆಳವಾಗಿ, ನಡುಮಧ್ಯೆ ಬಿದ್ದಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ತಪ್ಪು ತೋಟೆಯದು. ಗುಳಿ ಮೇಲುಮೇಲೆ ಇದ್ದರೆ ಪೆಟ್ಟು ಸಾಲದು: ಸ್ಪ್ರಿಂಗ್ ಸೋತಿದೆ, ಫೈರಿಂಗ್ ಪಿನ್ ತುದಿ ಸವೆದಿದೆ ಅಥವಾ ಎಣ್ಣೆ ಅಂಟಾಗಿದೆ. ಗುಳಿ ಒಂದು ಪಕ್ಕಕ್ಕೆ ಬಿದ್ದಿದ್ದರೆ ಪಿನ್ ಬಾಗಿದೆ ಇಲ್ಲವೇ ಕೀಲು ಸಡಿಲ. ಗುಳಿಯೇ ಇಲ್ಲವಾದರೆ ಮೊದಲು ಸೇಫ್ಟಿ ನೋಡಿ. ಹೆಚ್ಚಿನ ಜೋಡು ನಳಿಗೆಯಲ್ಲಿ ಕೋವಿ ಮಡಚಿದಾಗಲೆಲ್ಲ ಸೇಫ್ಟಿ ತಾನಾಗಿ ಹಿಂದಕ್ಕೆ ಬರುತ್ತದೆ. ಪಿನ್ ಮುರಿದಿದೆ ಎಂಬ ತೀರ್ಮಾನ ಅದಾದ ಮೇಲೆ.

ಯಾವ ನಳಿಗೆಯಲ್ಲಿ ಠುಸ್ಸಾಯಿತು ಎಂದು ಬರೆದಿಡಿ. ಮುಂದಿನ ಟ್ರಿಗರ್ ಬಲನಳಿಗೆಯದು, ಎಲ್ಲರ ಬೆರಳೂ ಮೊದಲು ಹೋಗುವುದು ಅಲ್ಲಿಗೆ, ಸವೆಯುವುದೂ ಅದೇ ಬದಿ. ಬಲದಲ್ಲಿ ಮಾತ್ರ ಮತ್ತೆ ಮತ್ತೆ ಆದರೆ ತೋಟೆಯನ್ನು ಬೈಯಬೇಡಿ.

ಎಣ್ಣೆಯ ಮಾತು ಬಂತು. ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಪುತ್ತರಿ ಹೊತ್ತಿನ ಮಡಿಕೇರಿ ಚಳಿಯಲ್ಲಿ ಲಾಕಿನೊಳಗೆ ಬೆಣ್ಣೆಯಾಗಿ ಕುಳಿತಿರುತ್ತದೆ, ಸುತ್ತಿಗೆ ಬೀಳುವ ವೇಗ ತಗ್ಗುತ್ತದೆ, ಕೇಪು ಸಿಡಿಯುವುದಿಲ್ಲ. ದಪ್ಪ ಇಂಜಿನ್ ಆಯಿಲ್ ಕೂಡ ಅದೇ ಜಾತಿ. ತೆಳು ಗನ್ ಆಯಿಲ್ ಎರಡು ಹನಿ ಸಾಕು. ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ.

ಸದ್ದು 'ಢಂ' ಎನ್ನದೆ 'ಪುಸ್' ಎಂದರೆ, ಒದೆತವೂ ಕಮ್ಮಿ ಎನಿಸಿದರೆ, ಅಲ್ಲಿಗೇ ನಿಲ್ಲಿಸಿ. ಎರಡನೇ ನಳಿಗೆಯನ್ನೂ ಹೊಡೆಯಬೇಡಿ. ಎರಡೂ ತೋಟೆ ತೆಗೆದು, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ನಳಿಗೆಯ ನಡುವೆ ಸಿಕ್ಕಿಕೊಂಡಿದ್ದರೆ ಮರದ ಕೋಲಿನಿಂದ ತಳ್ಳಿ ತೆಗೆಯಿರಿ. ನಳಿಗೆ ಉಬ್ಬುವುದು, ಸೀಳುವುದು ಇಂಥ ಅಡ್ಡಿಯಿಂದಲೇ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದ ಮೇಲೂ ಇದೇ ಎಚ್ಚರ ಬೇಕು. ಪೂಜೆಗೆ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವನ್ನು (ಕೋವಿ ಹೂವನ್ನು) ತೊಟ್ಟು ಸಮೇತ ತೆಗೆದು, ಒಳಗೆ ಒಂದು ಸಲ ಒಣಬಟ್ಟೆ ಎಳೆದ ಮೇಲೇ ಈಡು. ಗಂಧ, ಕುಂಕುಮದ ಹಸಿಯನ್ನು ಅಂದೇ ಒರೆಸದಿದ್ದರೆ ಅದರಡಿಯಲ್ಲಿ ತುಕ್ಕು ಏಳುತ್ತದೆ.

ಮುಚ್ಚುವುದಿಲ್ಲ, ಬಿಡುವುದಿಲ್ಲ

ಕೋವಿ ಪೂರ್ತಿ ಮುಚ್ಚುತ್ತಿಲ್ಲ ಎಂದು ರಿಪೇರಿಗೆ ಹೊತ್ತೊಯ್ಯುವ ಮೊದಲು ಎಕ್ಸ್‌ಟ್ರಾಕ್ಟರ್ (ಮಡಚಿದಾಗ ತೋಟೆಯನ್ನು ಹೊರಗೆತ್ತುವ ಭಾಗ) ಎತ್ತಿ ಅದರ ಅಡಿ ನೋಡಿ. ಅರೆಸುಟ್ಟ ಮದ್ದಿನ ಒಂದೇ ಹರಳು ಅಲ್ಲಿ ಸೇರಿದರೂ ಕೋವಿ ಕೂಡಿಕೊಳ್ಳುವುದಿಲ್ಲ. ಹಳೆ ಟೂತ್‌ಬ್ರಷ್ ಸಾಕು. ರಪ್ಪನೆ ಬಡಿದು ಮುಚ್ಚಿದರೆ ಕೀಲು ಹಾಳು.

ಅಡಿ ಶುಭ್ರವಾಗಿದ್ದೂ ಮುಚ್ಚದಿದ್ದರೆ ತೋಟೆ ಉಬ್ಬಿದೆ. ಕಾಗದದ ಹಳೆ ತೋಟೆಗಳು ಕಕ್ಕಡ ತಿಂಗಳ ಜಡಿಮಳೆಗೆ ಊದಿಕೊಳ್ಳುತ್ತವೆ, ಪ್ಲಾಸ್ಟಿಕ್‌ನಲ್ಲಿ ಆ ತೊಂದರೆ ಅಷ್ಟಿಲ್ಲ. ಪರೀಕ್ಷೆ ಸುಲಭ: ನಳಿಗೆಯನ್ನು ಕೋವಿಯಿಂದ ಪೂರ್ತಿ ಬೇರ್ಪಡಿಸಿ, ಒಂದೊಂದೇ ತೋಟೆಯನ್ನು ಗೂಡಿಗೆ ಬಿಡಿ. ತನ್ನ ಭಾರಕ್ಕೇ 'ಟಕ್' ಎಂದು ಇಳಿದು ಅಂಚು ಮಟ್ಟಸವಾಗಿ ಕೂತರೆ ಒಳ್ಳೆಯದು, ಬೆರಳಿನಿಂದ ಒತ್ತಬೇಕಾದರೆ ಬೇಡ. ಪಿನ್ ಇರುವ ಭಾಗ ದೂರವಿರುವುದರಿಂದ ಇದರಲ್ಲಿ ಅಪಾಯವಿಲ್ಲ.

ಹೊಡೆದ ಖಾಲಿ ಕೇಸು ಅಂಟಿಕೊಂಡರೆ ಕಾರಣ ಗೂಡಿನ ತುಕ್ಕು ಅಥವಾ ಪ್ಲಾಸ್ಟಿಕ್ ಪದರ. ಕಂಚಿನ ಬ್ರಷ್ ಹಾಕಿ, ಎಮರಿ ಕಾಗದ ಬೇಡ. ಉಜ್ಜಿದಷ್ಟೂ ಗೂಡು ಅಗಲವಾಗಿ ಮುಂದೆ ಕೇಸು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಕೇಸಿನ ಅಂಚು ಎಕ್ಸ್‌ಟ್ರಾಕ್ಟರ್ ಕೆಳಗೆ ಜಾರಿದ್ದರೆ ಅದು ಖಾಲಿ ಎಂದು ಖಾತ್ರಿಮಾಡಿಕೊಂಡು ಬಾಯಿ ಕಡೆಯಿಂದ ಮರದ ಕೋಲು ಹಾಕಿ ತಳ್ಳಬೇಕು.

ಒಂದು ಟ್ರಿಗರ್‌ಗೆ ಎರಡೂ ನಳಿಗೆ ಹಾರಿದರೆ ಮನೆ ವೈದ್ಯ ಬೇಡ. ಸುತ್ತಿಗೆಯನ್ನು ಹಿಡಿದಿಡುವ ಕೊಂಡಿ, ಸಿಯರ್, ಸವೆದಿದೆ. ಪರವಾನಗಿ ಇರುವ ಗನ್‌ಸ್ಮಿತ್ ಬಳಿಗೆ ದಾಖಲೆ ಸಮೇತ ಒಯ್ಯಿರಿ. ಅಲ್ಲಿಯವರೆಗೆ ಸೇಫ್ಟಿಯನ್ನು ನಂಬಬೇಡಿ. ಹೆಚ್ಚಿನ ಕೋವಿಗಳಲ್ಲಿ ಅದು ಟ್ರಿಗರ್ ಹಿಡಿಯುತ್ತದೆಯೇ ಹೊರತು ಸುತ್ತಿಗೆಯನ್ನಲ್ಲ.

ಹಿಡಿ ಹಿಂದೆಮುಂದೆ ಎಳೆದು ತೋಟೆ ತುಂಬುವ ಪಂಪ್ ಆಕ್ಷನ್ ಕೋವಿ ಇರುವವರ ದೂರುಗಳಲ್ಲಿ ಹೆಚ್ಚಿನವು ಕೈಯದೇ: ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಮುಂದೂಡುವುದು. ಅಳುಕದೆ ಕೊನೆತನಕ ಎಳೆಯಿರಿ.

ಇಡುವ ಜಾಗ

ಚರ್ಮದ ಬೆಲ್ಟಿನಲ್ಲಿ ತೋಟೆ ಸಿಕ್ಕಿಸಿ ಗೋಡೆಗೆ ನೇತುಹಾಕುವುದು ನೋಡಲು ಚೆಂದ, ಒಂದೇ ಮಳೆಗಾಲಕ್ಕೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಕೋವಿಗೂ ಚರ್ಮದ ಉರೆ ಸಾಗಿಸುವಾಗ ಮಾತ್ರ. ತೋಟೆಯನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಬೀಗದೊಳಗಿಡಿ. ಮೇಲೆ ಕೊಂಡ ತಿಂಗಳು ಬರೆಯಿರಿ, ಹಳೆಯದು ಮೊದಲು ಖರ್ಚಾಗಲಿ. ಹಸಿ ಹಿಡಿದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಾಗಲಿ ಬಿಸಿಲಿನಲ್ಲಾಗಲಿ ಒಣಗಿಸಬೇಡಿ, ಸತ್ತ ಕೇಪು ಮತ್ತೆ ಬದುಕುವುದಿಲ್ಲ. ಖಾಲಿ ಕೇಸಿಗೆ ಮದ್ದು ತುಂಬಿಕೊಡುತ್ತೇನೆ ಎನ್ನುವವರಿಂದಲೂ ದೂರವಿರಿ.

ಚುನಾವಣೆ ಬಂದು ಠಾಣೆಗೆ ಕೋವಿ ಒಪ್ಪಿಸುವಾಗ ನಳಿಗೆಯ ಒಳಗೂ ಹೊರಗೂ ಎಣ್ಣೆ ಧಾರಾಳವಾಗಿ ಹಚ್ಚಿ. ಅಲ್ಲಿ ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ವಾಪಸ್ ತಂದ ಮೇಲೆ ಆ ಎಣ್ಣೆಯನ್ನು ಪೂರ್ತಿ ಒರೆಸಿ, ಎರಡೂ ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಿ, ಸ್ನ್ಯಾಪ್ ಕ್ಯಾಪ್ (ಪರೀಕ್ಷೆಗೆಂದೇ ಇರುವ ಮದ್ದಿಲ್ಲದ ಡಮ್ಮಿ ತೋಟೆ) ಹಾಕಿ ಎರಡೂ ಟ್ರಿಗರ್ ಒಮ್ಮೊಮ್ಮೆ ಎಳೆದು ಪರೀಕ್ಷಿಸಿ, ಆಮೇಲೆ ತೋಟೆಯ ಡಬ್ಬಿ ತೆರೆಯಿರಿ.